ಅಪ್ಪನ ಬಸ್ಸಿಗೊಂದು ಗ್ರಾಫಿಕ್ಸ್ ಕಾರ್ಡ್

ನನಗೆ ಮೂವತ್ತೊಂದು ವರ್ಷ, ಹೊಸಕೋಟೆ ಹತ್ತಿರದ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ, ಮತ್ತು ನಾನು ಕಂಪ್ಯೂಟರಿನಲ್ಲಿ ಆಟ ಆಡುತ್ತೇನೆ. ಮೂರನೆಯದನ್ನು ಹೇಳಿದ ಕೂಡಲೇ ಸೂಲಿಬೆಲೆಯ ನಮ್ಮ ಬೀದಿಯವರು ಮೊದಲನೆಯದನ್ನು ನೆನಪಿಸುತ್ತಾರೆ. ಇಷ್ಟು ವಯಸ್ಸಾಗಿ ಇನ್ನೂ ಆಟವೇನಮ್ಮ ಅನ್ನುತ್ತಾರೆ. ದಿನಾ ಸಂಜೆ ಟೀವಿಯಲ್ಲಿ ಅತ್ತೆ ಸೊಸೆಯರ ಜಗಳ ನೋಡಿ ಮೂಗು ಒರೆಸಿಕೊಳ್ಳುವವರು ನನಗೆ ಬುದ್ಧಿ ಹೇಳಲು ಬಂದರೆ ರೇಗುತ್ತದೆ. ನನಗೆ ಬೇಗ ರೇಗುತ್ತದೆ ಎಂಬುದೂ ಬೀದಿಗೆಲ್ಲ ಗೊತ್ತಿರುವ ವಿಷಯವೇ.

ಅಪ್ಪನಿಗೆ ರೇಗಿದ್ದನ್ನು ಮಾತ್ರ ನಾನು ನೋಡಿಲ್ಲ. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಸಂತೆಯ ದಿನ ಬಸ್ಸಿನ ಮುಂದೆಯೇ ಎಮ್ಮೆ ಮಲಗಿದರೂ ಹಾರ್ನ್ ಹೊಡೆಯದೆ ಇಂಜಿನ್ ಆಫ್ ಮಾಡಿ ಕಾಯುತ್ತಿದ್ದರಂತೆ. ಮನೆಯಲ್ಲೂ ಹಾಗೆಯೇ. ಒಂದು ಹಳೆಯ ಸ್ಕೂಟರ್ ಇತ್ತು. ಅಮ್ಮ ಹಿಂದೆ ಕೂತು, ಸೆರಗು ಸರಿ ಮಾಡಿಕೊಂಡು, ಹಾಲಿನ ಕ್ಯಾನನ್ನು ಮಡಿಲಿಗೆ ಎಳೆದುಕೊಂಡು "ರೈಟ್" ಅಂದ ಮೇಲೆಯೇ ಅದು ಹೊರಡುತ್ತಿತ್ತು. ಅದು ಅವರಿಬ್ಬರ ನಡುವಿನ ತಮಾಷೆ ಎಂದು ನಾನು ಚಿಕ್ಕಂದಿನಿಂದ ತಿಳಿದುಕೊಂಡಿದ್ದೆ.

ಸಕ್ಕರೆ ಕಾಯಿಲೆ ಅಪ್ಪನ ಎಡಗಣ್ಣಿಗೆ ಬಂದು ಕೂತಿತು. ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಇರುವಾಗಲೇ ಬಸ್ಸು ಬಿಟ್ಟು ಡಿಪೋದೊಳಗಿನ ಕೆಲಸಕ್ಕೆ ಹೋದರು. ಕಣ್ಣಿನ ಪರೀಕ್ಷೆಯಲ್ಲಿ ಬೇಡ ಅಂದಿರಬೇಕು ಎಂದುಕೊಂಡೆ, ಕೇಳಲು ಹೋಗಲಿಲ್ಲ. ನಿವೃತ್ತಿಯಾದ ವಾರದಲ್ಲೇ ಸ್ಕೂಟರನ್ನೂ ಚಿಕ್ಕಪ್ಪನಿಗೆ ಕೊಟ್ಟುಬಿಟ್ಟರು. ಆಮೇಲೆ ಜಗಲಿಯೇ ಅವರ ಜಾಗವಾಯಿತು. ರಸ್ತೆಯಲ್ಲಿ ಬಸ್ಸು ಹೋದರೆ ತಲೆ ಎತ್ತದೆ, "ಕ್ಲಚ್ ಪ್ಲೇಟ್ ಹೋಗೈತೆ" ಅನ್ನುವರು. ಕೆಲವು ತಿಂಗಳಲ್ಲಿ ಅದೂ ನಿಂತಿತು. ಊಟ, ಮಾತ್ರೆ, ಜಗಲಿ. ಅಮ್ಮ ಹಸುಗಳ ಜೊತೆ ಆಡುವಷ್ಟು ಮಾತನ್ನೂ ಅವರು ನಮ್ಮ ಜೊತೆ ಆಡುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು. ಮನುಷ್ಯ ಎದುರಿಗೇ ಕೂತು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಿದ್ದರೆ ಯಾರಿಗೆ ದೂರು ಕೊಡುವುದು?

ಒಂದು ಭಾನುವಾರ ಮಧ್ಯಾಹ್ನ, ಏನೋ ತೋಚಿ, ಬಸ್ಸು ಓಡಿಸುವ ಒಂದು ಆಟವನ್ನು ನನ್ನ ಕಂಪ್ಯೂಟರಿಗೆ ಇಳಿಸಿದೆ. ಯಾರೋ ಪುಣ್ಯಾತ್ಮರು ಅದರೊಳಗಿನ ಬಸ್ಸಿಗೆ ನಮ್ಮ ಕೆಂಪು ಬಸ್ಸಿನದೇ ಬಣ್ಣ ಬಳಿದು ಹಂಚಿದ್ದರು. ಹಿಂದೊಮ್ಮೆ ರೇಸ್ ಆಟದ ಹುಚ್ಚು ಹಿಡಿದಾಗ ಕೊಂಡು ಅಟ್ಟಕ್ಕೆ ಹಾಕಿದ್ದ ಸ್ಟಿಯರಿಂಗನ್ನೂ ಪೆಡಲುಗಳನ್ನೂ ಇಳಿಸಿ ಜೋಡಿಸಿದೆ. "ಅಪ್ಪ, ಸ್ವಲ್ಪ ಬಂದು ನೋಡಿ" ಅಂದೆ.

ಬಂದರು. ನೋಡಿದರು. ಹೊರಗೆ ಹೋದರು. ಇಷ್ಟವಾಗಲಿಲ್ಲ ಎಂದುಕೊಂಡೆ. ತೊಟ್ಟಿಯ ಹತ್ತಿರ ನೀರಿನ ಸದ್ದು ಕೇಳಿಸಿತು. ಚಪ್ಪಲಿ ತೊಳೆದು, ಒರೆಸಿ, ಮೆಟ್ಟಿಕೊಂಡು ಒಳಗೆ ಬಂದರು. ಅಮ್ಮ ಅಡುಗೆಮನೆಯಿಂದ, "ಒಳೀಕೆ ಚಪ್ಪಲಿ ಹಾಕ್ಕೊಂಡು ಬತ್ತೀರಲ್ಲ, ದೇವ್ರ ಮನೆ ಐತೆ" ಅಂದಳು. "ಬರಿಗಾಲಲ್ಲಿ ಬ್ರೇಕ್ ತುಳಿಯೋಕಾಗಲ್ಲ ಕಣೆ" ಅಂತ ಹೇಳಿ ಕೂತರು. ಕುರ್ಚಿಯನ್ನು ಮೂರು ಸಲ ಹಿಂದೆ ಮುಂದೆ ಮಾಡಿದರು. ಹೊರಟರು.

ನಿಜ ಹೇಳುತ್ತೇನೆ, ಅಷ್ಟು ಚೆನ್ನಾಗಿ ಆ ಆಟ ಆಡಿದವರನ್ನು ನಾನು ನೋಡಿಲ್ಲ. ತಿರುವಿಗೆ ಎಷ್ಟೋ ಮೊದಲೇ ವೇಗ ಇಳಿಯುತ್ತಿತ್ತು. ಹಳ್ಳ ಕಂಡರೆ ಬಲಕ್ಕೆ ಸರಿಯುತ್ತಿತ್ತು. ಯಾವುದೋ ಪರದೇಶದ ಊರಿನ ಸ್ಟಾಪು ಬಂದರೆ, "ಇದು ಜಡಿಗೇನಹಳ್ಳಿ ಇದ್ದಂಗೈತೆ" ಅಂದರು. ಆರು ತಿಂಗಳಲ್ಲಿ ಅವರಾಗಿ ಆಡಿದ ಅಷ್ಟುದ್ದದ ಮಾತು ಅದೇ ಮೊದಲು.

ಆದರೆ ನನ್ನ ಕಂಪ್ಯೂಟರಿಗೆ ಆ ಆಟದ ಭಾರ ಹೊರಲಾಗಲಿಲ್ಲ. ಪೇಟೆಯೊಳಗೆ ಬಸ್ಸು ಬಂದ ಕೂಡಲೇ ಪರದೆಯ ಮೇಲಿನ ಚಿತ್ರ ನಿಂತು ನಿಂತು ಜಗ್ಗುತ್ತಿತ್ತು. ಭಾರ ಇಳಿಸಲೆಂದು ನೆರಳು ತೆಗೆದೆ, ಮರದ ಎಲೆ ತೆಗೆದೆ, ಬಸ್ಸಿನ ಎರಡೂ ಕನ್ನಡಿಗಳನ್ನು ಆರಿಸಿ ಕಪ್ಪು ಮಾಡಿಟ್ಟೆ. ಕನ್ನಡಿಯೊಳಗೆ ಇನ್ನೊಂದು ರಸ್ತೆಯನ್ನೇ ಬಿಡಿಸಬೇಕಾದ್ದರಿಂದ ಯಂತ್ರಕ್ಕೆ ಅದು ದಂಡದ ಕೆಲಸ. ಏನು ತೆಗೆದರೂ ಜಗ್ಗುವುದು ಪೂರ್ತಿ ನಿಲ್ಲಲಿಲ್ಲ. ಸಾಲದ್ದಕ್ಕೆ ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಂತೇಬಿಡುತ್ತಿತ್ತು. ಜನ ಹತ್ತಿ ಬಾಗಿಲು ಮುಚ್ಚಿದ ಮೇಲೂ ಅಲ್ಲಾಡುತ್ತಿರಲಿಲ್ಲ. ಹ್ಯಾಂಗ್ ಆಯಿತು ಎಂದು ನಾನು ಪಕ್ಕದಿಂದ ಕೈ ಚಾಚಿ, ಸಿಕ್ಕಿಬಿದ್ದ ಗಾಡಿಯನ್ನು ಬಿಡಿಸಲೆಂದು ಆಟದವರು ಕೊಟ್ಟಿದ್ದ ಒಂದು ಕೀ ಒತ್ತಿ ಮುಂದಕ್ಕೆ ನೂಕುತ್ತಿದ್ದೆ.

ಮೂರನೆಯ ಸ್ಟಾಪು ದಾಟಿದ ಮೇಲೆ ಅಪ್ಪ ಕಣ್ಣು ಉಜ್ಜಿಕೊಂಡು ಎದ್ದರು. "ಗಾಡಿ ಜರ್ಕ್ ಹೊಡೀತದೆ. ಹಿಂದೆ ಕೂತವ್ರು ವಾಂತಿ ಮಾಡ್ಕೊತಾರೆ ಕಣಮ್ಮ."

"ಹಿಂದೆ ಯಾರೂ ಇಲ್ಲಪ್ಪ, ಎಲ್ಲ ಬೊಂಬೆಗಳು."

"ಟಿಕೆಟ್ ತಗೊಂಡವ್ರೆ ತಾನೆ" ಅಂದು ಜಗಲಿಗೆ ಹೋದರು.

ನನ್ನ ಹತ್ತಿರ ದೀಪಾವಳಿ ಬೋನಸ್ಸು ಇತ್ತು. ಅದರಲ್ಲಿ ನನ್ನ ಕಂಪ್ಯೂಟರಿಗೆ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂದು ವರ್ಷದಿಂದ ಕನಸು ಕಂಡಿದ್ದೆ. ಪರದೆಯ ಮೇಲೆ ಚಿತ್ರ ಬಿಡಿಸುವುದು ಆ ಕಾರ್ಡಿನ ಕೆಲಸ. ದೊಡ್ಡದಿದ್ದಷ್ಟೂ ಸೆಕೆಂಡಿಗೆ ಹೆಚ್ಚು ಚಿತ್ರ. ಈಗ ಕಾರಣವೂ ಸಿಕ್ಕಿತು. ಇದ್ದದ್ದು ಅದೊಂದೇ ಗಂಟು, ಎಲ್ಲ ಅದರೊಳಗೇ ಮುಗಿಯಬೇಕು. ನನ್ನ ಪಟ್ಟಿಯಲ್ಲಿ ಮುಕ್ಕಾಲು ಪಾಲು ಕಾರ್ಡಿಗೇ ಹೋಗಿತ್ತು. ಉಳಿದ ಚೂರಿನಲ್ಲಿ ಆ ಹ್ಯಾಂಗ್ ಹೋಗಲೆಂದು ಕಂಪ್ಯೂಟರಿನ ನೆನಪು ಹೆಚ್ಚಿಸುವ ಇನ್ನೊಂದು ರ‍್ಯಾಮ್, ಮತ್ತು ಸಿಕ್ಕಿದ್ದರಲ್ಲೇ ಅಗ್ಗದ ಪವರ್ ಸಪ್ಲೈ, ಅಂದರೆ ಕರೆಂಟನ್ನು ಪಳಗಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ಡಬ್ಬಿ.

ಪಟ್ಟಿಯನ್ನು ಜಗಲಿಗೆ ಒಯ್ದು ಓದಿ ಹೇಳಿದೆ. ಪೂರ್ತಿ ಮುಗಿದ ಮೇಲೆ ಅಪ್ಪ ಕೇಳಿದರು.

"ಈ ದೊಡ್ಡ ಕಾರ್ಡ್ ಎಷ್ಟು ಓಡ್ತದೆ?"

"ಸೆಕೆಂಡಿಗೆ ನೂರು ಚಿತ್ರದ ಮೇಲೆ ಹೋಗುತ್ತಪ್ಪ."

"ಪೇಟೆ ಒಳಗೆ ಬಂದಾಗ?"

ಅದನ್ನು ನಾನು ನೋಡಿರಲಿಲ್ಲ. ಫೋನಿನಲ್ಲಿ ಹುಡುಕಿದೆ. ನನ್ನ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಹಳೆಯದಾದ್ದರಿಂದ ಎಂಥ ಕಾರ್ಡ್ ಹಾಕಿದರೂ ಪೇಟೆಯೊಳಗೆ ನಲವತ್ತೈವತ್ತಕ್ಕೆ ಇಳಿದೇ ಇಳಿಯುತ್ತದೆಂದು ಅನುಭವಸ್ಥರು ಬರೆದಿದ್ದರು.

"ಎಂಬತ್ತರಲ್ಲಿ ಹೋಗಿ ಸಡನ್ನಾಗಿ ಇಪ್ಪತ್ತಕ್ಕೆ ಬೀಳೋ ಗಾಡಿ ಯಾಕಮ್ಮ? ನಲವತ್ತರಲ್ಲೇ ಹೋಗ್ಲಿ, ಒಂದೇ ಸಮ ಹೋಗ್ಲಿ. ಆಮೇಲೆ ನೀನು ಇಂಜಿನ್‌ಗೆ ದುಡ್ಡೆಲ್ಲ ಸುರಿದು ಡೀಸೆಲ್ ಪಂಪ್‌ಗೆ ಗುಜರಿ ಮಾಲು ಹಾಕ್ತಾ ಇದೀಯ" ಅಂದರು. ಪವರ್ ಸಪ್ಲೈಗೆ ಅವರಿಟ್ಟ ಹೆಸರು ಅದು. ವರ್ಷಗಟ್ಟಲೆ ಆಟಗಾರರ ಚರ್ಚೆಗಳನ್ನು ಓದಿಯೂ ನನಗೆ ತಿಳಿಯದ್ದನ್ನು ಜಗಲಿಯ ಮೇಲೆ ಕೂತು ಎರಡು ಮಾತಿನಲ್ಲಿ ಹೇಳಿದರು. ಹೊಟ್ಟೆ ಉರಿಯಿತು, ಹೆಮ್ಮೆಯೂ ಆಯಿತು.

ಕೊನೆಗೆ ಒಂದು ಮಾತು ಸೇರಿಸಿದರು. "ಕನ್ನಡಿ ಎರಡೂ ಕಾಣಬೇಕು. ಅದೊಂದು ನೋಡ್ಕೊ."

"ಅದೆಲ್ಲ ಶೋಕಿ ಅಪ್ಪ, ಆಟದಲ್ಲಿ ಕನ್ನಡಿ ಯಾರೂ ನೋಡಲ್ಲ" ಅಂದೆ.

ಅವರು ಪಟ್ಟಿಯನ್ನು ಮಡಿಸಿ ನನ್ನ ಕೈಗಿಟ್ಟರು.

ಹೊಸ ಕಾರ್ಡು ಕೈಗೆ ಎಟುಕುವಂತಿರಲಿಲ್ಲ, ಪಟ್ಟಿಯಲ್ಲಿ ನಾನು ಬರೆದಿದ್ದದ್ದೂ ಸೆಕೆಂಡ್ ಹ್ಯಾಂಡ್ ಬೆಲೆಯೇ. ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಕಾರ್ಡುಗಳನ್ನು ಮಾರುತ್ತಿದ್ದಾರೆಂದು ಗೊತ್ತಾಗಿ, ಮುಂದಿನ ಭಾನುವಾರ ಹೊರಟೆ. "ನಾನೂ ಬರ್ತೀನಿ" ಅಂದರು ಅಪ್ಪ. ಅಮ್ಮ ನನ್ನ ಮುಖ ನೋಡಿದಳು. ಅಪ್ಪ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು.

ದೇವನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ದೊಡ್ಡಬಳ್ಳಾಪುರಕ್ಕೆ ಒಂದು, ಅಲ್ಲಿಂದ ನೆಲಮಂಗಲಕ್ಕೆ ಇನ್ನೊಂದು. ಮೂರರಲ್ಲೂ ಅಪ್ಪ ಮುಂದಿನ ಸೀಟು ಹಿಡಿದರು. ಡ್ರೈವರ್ ಬ್ರೇಕ್ ಒತ್ತುವ ಮೊದಲೇ ಅಪ್ಪನ ಬಲಗಾಲು ಬರಿಯ ನೆಲವನ್ನು ತುಳಿಯುತ್ತಿತ್ತು. ದೊಡ್ಡಬಳ್ಳಾಪುರದ ನಿಲ್ದಾಣದಲ್ಲಿ ಒಬ್ಬ ಹಳೆಯ ಕಂಡಕ್ಟರ್ ಗುರುತು ಹಿಡಿದು, "ಏನ್ ಗುರು, ಎಲ್ಲಿಗೆ ಸವಾರಿ?" ಎಂದು ಕೇಳಿದರು. "ಮಗಳು ಗಾಡಿ ತಗೋತಾವ್ಳೆ, ನೋಡೋಕೆ" ಅಂದರು ಅಪ್ಪ. ಆ ಕಂಡಕ್ಟರ್ ನನಗೆ ಅಭಿನಂದನೆ ಹೇಳಿಯೇಬಿಟ್ಟರು. ನಾನು ತಿದ್ದಲಿಲ್ಲ.

ಮಾರುವವರು ಹೆದ್ದಾರಿ ಪಕ್ಕದ ಮಹಡಿಯಲ್ಲಿದ್ದರು. ನನ್ನ ವಯಸ್ಸಿನವರೇ. ಹೊಸದಾಗಿ ಮದುವೆಯಾಗಿ, ಕಂಪ್ಯೂಟರುಗಳು ತುಂಬಿದ್ದ ಕೋಣೆಯನ್ನು ಖಾಲಿ ಮಾಡುವ ಆಜ್ಞೆಯಾಗಿತ್ತಂತೆ. ಮೊದಲು ಮೂರು ಫ್ಯಾನಿನ ಒಂದು ದೊಡ್ಡ ಕಾರ್ಡನ್ನು ಮೇಜಿನ ಮೇಲಿಟ್ಟರು. ನನ್ನ ಕನಸಿನದೇ ಅದು. ಬೆಲೆಯೂ ನನ್ನ ಪಟ್ಟಿಯಲ್ಲಿದ್ದಷ್ಟೇ ಇತ್ತು. ನನ್ನ ಬಾಯಲ್ಲಿ ನೀರೂರಿತು. "ಒಂದು ಸಲವೂ ಬಿಚ್ಚಿಲ್ಲ ಮೇಡಂ, ಹೊಸದರ ಥರ" ಅಂದರು.

ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಬಲಗಣ್ಣಿನ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಮೂಸಿದರು. "ನಾಲ್ಕು ಸ್ಕ್ರೂ ಐತೆ. ಮೂರರ ತಲೆ ಸವೆದೈತೆ ನೋಡಪ್ಪ. ಬಿಚ್ಚದೆ ಹೆಂಗೆ ಸವೀತದೆ?" ಎಂದು ಮೆತ್ತಗೆ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳುವವರ ಹಾಗೆ ಕೇಳಿದರು. ಆತ ತಡವರಿಸಿ, ತಮಗಿಂತ ಮೊದಲು ಅದು ಹಗಲೂ ರಾತ್ರಿ ಬಿಡುವಿಲ್ಲದೆ ಓಡುವ ಕೆಲಸದಲ್ಲಿತ್ತು, ಬಿಸಿ ತಡೆಯಲಾರದೆ ಎರಡು ಸಲ ಬಿಚ್ಚಿ ಸರಿ ಮಾಡಿಸಿದ್ದಾರೆ ಎಂದು ಒಪ್ಪಿಕೊಂಡರು. ನಾನು ಎರಡು ಮಾತು ಬಿಸಿಯಾಗಿ ಆಡಲು ಬಾಯಿ ತೆರೆದೆ. ಅಪ್ಪ ನನ್ನ ಮೊಣಕೈ ಮುಟ್ಟಿದರು. "ಚಿಕ್ಕದು ಯಾವ್ದಾದ್ರೂ ಐತಾ?"

ಎರಡು ಫ್ಯಾನಿನ ಒಂದು ಕಾರ್ಡು ಇತ್ತು. ಅದರ ಸ್ಕ್ರೂಗಳು ಹೊಸದಾಗಿದ್ದವು. "ಅರ್ಧ ಗಂಟೆ ಓಡ್ಸಿ ತೋರ್ಸಪ್ಪ" ಅಂದು ಅಪ್ಪ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತರು. ಹೆದ್ದಾರಿಯಲ್ಲಿ ಲಾರಿಗಳು ಅರಚುತ್ತಿದ್ದವು. ಅಷ್ಟರ ನಡುವೆ ಅವರು ಕೇಳುತ್ತಿದ್ದದ್ದು ಆ ಎರಡು ಫ್ಯಾನುಗಳನ್ನು. ಮನೆಯ ಹೊಸ ಸೊಸೆ ಕಾಫಿ ತಂದಿಟ್ಟು, ಅಪ್ಪನಿಗೆ ನಿದ್ದೆ ಬಂದಿದೆಯೆಂದು ಮೆಲ್ಲಗೆ ಮಾತಾಡಿದರು. ಅರ್ಧ ಗಂಟೆಯಾದ ಮೇಲೆ ಅಪ್ಪ ಕಣ್ಣು ಬಿಟ್ಟು, "ಇದು ಸುಸ್ತಾಗಿಲ್ಲ. ತಗೊಳಮ್ಮ" ಅಂದರು. ಆತ ಬೆಲೆಯಲ್ಲಿ ತಾವಾಗಿಯೇ ಸ್ವಲ್ಪ ಬಿಟ್ಟರು. ಚೌಕಾಸಿಯಲ್ಲಿ ನಾನು ಒಂದು ಗಂಟೆ ಜಗಳವಾಡಿದ್ದರೂ ಅಷ್ಟು ಬಿಡುತ್ತಿರಲಿಲ್ಲ.

ಉಳಿದ ದುಡ್ಡಿನಲ್ಲಿ ಹೊಸಕೋಟೆಯ ಅಂಗಡಿಯಿಂದ ರ‍್ಯಾಮ್ ತಂದೆವು, ಹೊಸ ಪವರ್ ಸಪ್ಲೈ ತಂದೆವು. ಡಬ್ಬದ ಮೇಲೆ ದೊಡ್ಡ ಅಂಕಿ ಬರೆದಿದ್ದನ್ನು ಅಪ್ಪ ಕೈಯಲ್ಲಿ ತೂಗಿ ಕೆಳಗಿಟ್ಟರು. ಚಿಕ್ಕ ಅಂಕಿಯದು ಎರಡರಷ್ಟು ಭಾರವಿತ್ತು, ಐದು ವರ್ಷದ ಗ್ಯಾರಂಟಿಯೂ ಇತ್ತು. ಅದೇ ಬಂತು.

ಎಲ್ಲವನ್ನೂ ಜೋಡಿಸಿದೆ. ಒಂದೇ ಸಲಕ್ಕೆ ಹತ್ತಿಕೊಂಡಿತು. ನೆರಳು ಬಂತು, ಎಲೆ ಬಂತು, ಅಪ್ಪ ಹೇಳಿದರಲ್ಲ ಎಂದು ಕನ್ನಡಿಗಳನ್ನೂ ಹಾಕಿದೆ. ಪೇಟೆಯೊಳಗೆ ನಾನೇ ಒಂದು ಸುತ್ತು ಓಡಿಸಿ ನೋಡಿದೆ. ಜಗ್ಗಲಿಲ್ಲ. ಅಪ್ಪ ಹೇಳಿದ ಹಾಗೆ ಸೆಕೆಂಡಿಗೆ ನಲವತ್ತೇ ಚಿತ್ರ ಎಂದು ಕಟ್ಟಿಹಾಕಿದ್ದೆ, ಮೂಲೆಯಲ್ಲಿ ಬಿದ್ದ ಆ ಅಂಕಿ ಅತ್ತಿತ್ತ ಅಲ್ಲಾಡಲಿಲ್ಲ. ಅಪ್ಪನನ್ನು ಕರೆದೆ. ಚಪ್ಪಲಿ ತೊಳೆದುಕೊಂಡು ಬಂದರು.

ಕೂರುವ ಮೊದಲು, "ಇದೂ ಆಗ್ಲಿಲ್ಲ ಅಂದ್ರೆ ಬುಟ್ಬುಡಮ್ಮ. ನಿನ್ನ ಆಟ ನೀನು ಆಡ್ಕೊ. ನನಗೋಸ್ಕರ ಒದ್ದಾಡ್ಬೇಡ" ಅಂದರು.

ಇದಾಗದಿದ್ದರೆ ಅವರು ಮತ್ತೆ ಜಗಲಿಗೆ ಹೋಗುತ್ತಾರೆ, ಈ ಸಲ ಎದ್ದು ಬರುವುದಿಲ್ಲ ಎಂದು ಗೊತ್ತಿತ್ತು.

ಹೊರಟರು. ಬಸ್ಸು ನೀರಿನ ಮೇಲೆ ಹೋದ ಹಾಗೆ ಹೋಯಿತು. ಮೊದಲ ಸ್ಟಾಪು ಬಂತು. ನಿಲ್ಲಿಸಿದರು. ಜನ ಹತ್ತಿದರು, ಕೂತರು, ಬಾಗಿಲು ಮುಚ್ಚಿತು. ಬಸ್ಸು ಹೊರಡಲಿಲ್ಲ.

ಕಾದೆ. ಇನ್ನೂ ಸ್ವಲ್ಪ ಕಾದೆ. ಅದೇ ಹಳೆಯ ಹ್ಯಾಂಗ್. ನನಗೆ ಅಳು ಬಂದುಬಿಟ್ಟಿತು. ಹೊಸ ರ‍್ಯಾಮ್ ಹಾಕಿದ್ದು ಇದಕ್ಕೇ ತಾನೆ? ಕಾರ್ಡು ಕೆಟ್ಟದ್ದಿರಬೇಕು, ಅಥವಾ ಜೋಡಿಸುವಾಗ ನಾನೇ ಏನೋ ತಪ್ಪು ಮಾಡಿರಬೇಕು. ಆದರೆ ಮೂಲೆಯ ಅಂಕಿ ನಲವತ್ತರಲ್ಲೇ ಇತ್ತು. ರಸ್ತೆ ಬದಿಯ ಮರ ಗಾಳಿಗೆ ತೂಗುತ್ತಿತ್ತು. ಆಟ ನಿಂತಿರಲಿಲ್ಲ, ಬಸ್ಸು ಮಾತ್ರ ನಿಂತಿತ್ತು. ಪೆಡಲಿನ ವೈರು ಸಡಿಲವಾಗಿರಬೇಕೆಂದು ಮೇಜಿನ ಕೆಳಗೆ ತೂರಿದೆ.

ವೈರು ಸರಿಯಾಗಿಯೇ ಇತ್ತು. ಅಪ್ಪನ ಕಾಲು ಕಂಡಿತು. ತೊಳೆದ ಚಪ್ಪಲಿ ಬ್ರೇಕಿನ ಮೇಲಿತ್ತು, ಪೆಡಲು ಪೂರ್ತಿ ಕೆಳಗೆ ಹೋಗುವಷ್ಟು ಬಲವಾಗಿ ಒತ್ತಿ ಹಿಡಿದಿದ್ದರು.

ಅಷ್ಟರಲ್ಲಿ ಅಮ್ಮ ಹಾಲು ಕರೆದು ಮುಗಿಸಿ ಬಾಗಿಲಿಗೆ ಬಂದಳೆಂದು ಕಾಣುತ್ತದೆ. ಕ್ಯಾನು ಕೆಳಗಿಟ್ಟ ಸದ್ದಾಯಿತು. ಅವಳು ಪರದೆಯನ್ನೊಮ್ಮೆ, ಅಪ್ಪನ ಬೆನ್ನನ್ನೊಮ್ಮೆ ನೋಡಿರಬೇಕು. "ರೈಟ್" ಅಂದಳು.

ಮೇಜಿನ ಕೆಳಗೆ, ನನ್ನ ಮೂಗಿನ ಮುಂದೆಯೇ, ಚಪ್ಪಲಿ ಬ್ರೇಕಿನಿಂದ ಎದ್ದು ಪಕ್ಕಕ್ಕೆ ಹೋಯಿತು. ಬಸ್ಸು ಹೊರಟಿತು.

ನಾನು ಅಲ್ಲೇ ಕೂತುಬಿಟ್ಟೆ. ಹ್ಯಾಂಗ್ ಅನ್ನುವುದು ಒಂದು ದಿನವೂ ಆಗಿರಲಿಲ್ಲ. ಆ ರ‍್ಯಾಮಿಗೆ ಸುರಿದ ದುಡ್ಡು ನನ್ನ ದಡ್ಡತನದ ಬೆಲೆ. ಇಪ್ಪತ್ತೊಂಬತ್ತು ವರ್ಷ ಕಂಡಕ್ಟರ್ ರೈಟ್ ಅನ್ನದೆ ಗಾಡಿ ಅಲ್ಲಾಡಿಸದ ಮನುಷ್ಯ ಆ ಪರದೇಶದ ಸ್ಟಾಪಿನಲ್ಲೂ ಕಾಯುತ್ತಿದ್ದರು. ಕಂಡಕ್ಟರ್ ಇಲ್ಲದ ಬಸ್ಸದು, ಹೇಳುವವರು ಯಾರೂ ಇರಲಿಲ್ಲ. ಹೋದ ಸಲ ನಾನು ಕೀ ಒತ್ತಿ, ಹೇಳದೆ ಕೇಳದೆ ಮೂರು ಸಲ ಅವರ ಗಾಡಿಯನ್ನು ನೂಕಿದ್ದೆ.

"ಮೊದಲೇ ಹೇಳಬಾರದಿತ್ತಾ ಅಪ್ಪ?" ಅಂದೆ ಹೊರಗೆ ಬಂದು. ದನಿ ಸ್ವಲ್ಪ ಜೋರಾಗಿಯೇ ಇತ್ತು.

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಬೊಂಬೆ ಅಂತ ನಗ್ತೀಯ ಅಂತ ಸುಮ್ನಾದೆ" ಅಂದರು. ಒಂದು ತಿರುವು ದಾಟಿದ ಮೇಲೆ ತಾವಾಗಿಯೇ ಹೇಳಿದರು. ಬಸ್ಸು ಬಿಡುವ ಹಿಂದಿನ ದಿನ ಒಂದು ಸ್ಟಾಪಿನಲ್ಲಿ ಕಂಡಕ್ಟರ್ ರೈಟ್ ಅಂದಾಗಿತ್ತು. ಅಪ್ಪ ರೂಢಿಯಂತೆ ಎಡಗಡೆ ಕನ್ನಡಿ ನೋಡಿದರು, ಯಾರೂ ಕಾಣಲಿಲ್ಲ. ಗಾಡಿ ಒಂದು ಅಡಿ ಮುಂದೆ ಹೋಗುವಷ್ಟರಲ್ಲಿ ಕಂಡಕ್ಟರ್ "ಹೋಲ್ಡಾನ್" ಎಂದು ಕೂಗಿದರು. ಒಬ್ಬಳು ಹೆಂಗಸು ಓಡಿ ಬಂದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಬಗಲಲ್ಲಿ ಮಗು ಇತ್ತು. "ಏನೂ ಆಗ್ಲಿಲ್ಲ. ಆದ್ರೆ ಕನ್ನಡಿಯಲ್ಲಿ ಅವಳು ಇದ್ಲು ಕಣಮ್ಮ. ನನಗೆ ಕಾಣ್ಲಿಲ್ಲ."

"ಯಾರೂ ಬೇಡ ಅನ್ಲಿಲ್ಲ. ಇವ್ರೇ ಮಾರನೇ ದಿನ ಹೋಗಿ ಇನ್ನು ಬಸ್ಸು ಓಡ್ಸಲ್ಲ ಅಂತ ಬರ್ಕೊಟ್ಟು ಬಂದ್ಬಿಟ್ರು" ಅಂದಳು ಅಮ್ಮ, ಕ್ಯಾನು ಎತ್ತಿಕೊಳ್ಳುತ್ತ.

ಪರೀಕ್ಷೆಯಲ್ಲಿ ಬೇಡ ಅಂದಿರಬೇಕೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನನ್ನ ಅಪ್ಪನ ಬಗ್ಗೆ ನನಗೆ ಮೊದಲೂ ಗೌರವವಿತ್ತು. ಅಂದು ಕೊನೆಯ ಸ್ಟಾಪಿನವರೆಗೂ ಅವರ ಪಕ್ಕದಲ್ಲೇ ನಿಂತಿದ್ದೆ.

ಮುಂದಿನ ಭಾನುವಾರ ಅಮ್ಮ ಕೊಟ್ಟಿಗೆಯಲ್ಲಿದ್ದಳು. ಅಪ್ಪ ಚಪ್ಪಲಿ ತೊಳೆದು ಬಂದು ಕೂತರು. ನಾನು ಒಂದು ಸ್ಟೂಲು ಎಳೆದುಕೊಂಡು ಅವರ ಎಡಗಡೆ ಕೂತೆ. ಮೊದಲ ಸ್ಟಾಪಿನಲ್ಲಿ ಬಸ್ಸು ನಿಂತಿತು. ನಾಲ್ಕಾರು ಜನ ಹತ್ತಿದರು. "ರೈಟ್" ಅಂದೆ.

ಬಸ್ಸು ಅಲ್ಲಾಡಲಿಲ್ಲ.

"ನೋಡಿ ಹೇಳಿದ್ಯಾ?" ಅಂದರು ಅಪ್ಪ.

ನೋಡಿರಲಿಲ್ಲ. ದಂಡ ಎಂದು ನಾನೇ ಕಪ್ಪು ಮಾಡಿಟ್ಟಿದ್ದ ಎಡಗಡೆ ಕನ್ನಡಿಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬೆರಳಿನಷ್ಟು ಅಗಲದ ಚಿತ್ರ, ಚೊಕ್ಕವಾಗಿ ಕಾಣುತ್ತಿತ್ತು. ಬಾಗಿಲಿನ್ನೂ ತೆರೆದೇ ಇತ್ತು. ಕೈಚೀಲ ಹಿಡಿದ ಒಬ್ಬಳು ಬೊಂಬೆ ಹೆಂಗಸು ಇನ್ನೂ ಮೆಟ್ಟಿಲ ಮೇಲೆಯೇ ಇದ್ದಳು.

ಅವಳು ಒಳಗೆ ಹೋಗುವವರೆಗೂ ಕಾದೆ. ಬಾಗಿಲು ಮುಚ್ಚಿತು. ಹಿಂದೆ ಯಾರೂ ಓಡಿ ಬರುತ್ತಿಲ್ಲ ಎಂದು ಇನ್ನೊಮ್ಮೆ ನೋಡಿಕೊಂಡು, ಆಮೇಲೆ ಹೇಳಿದೆ.